ಲಡಾಖೋ, ಸ್ಪಿತಿಯೋ, ಸಿಕ್ಕಿಮೋ: ಕಾರವಾರ, ಶಿರಸಿ ಕಡೆಯಿಂದ ಹೊರಡುವವರಿಗೆ

ಲಡಾಖ್ ಚೆಂದವೋ, ಹಿಮಾಚಲದ ಸ್ಪಿತಿ ಚೆಂದವೋ ಎಂದು ಕೇಳಿದರೆ ಎರಡೂ ಚೆಂದ. ಉತ್ತರ ಸಿಕ್ಕಿಮ್ಮೂ ಚೆಂದವೇ. ಫೋಟೊ ನೋಡಿ ಆರಿಸುತ್ತೇನೆ ಎಂದು ಕೂತರೆ ವರ್ಷವಿಡೀ ಫೋಟೊ ನೋಡುತ್ತಲೇ ಇರಬೇಕು. ನಮ್ಮ ಉತ್ತರ ಕನ್ನಡ ಜಿಲ್ಲೆಯಿಂದ ಹೊರಡುವವರು ಮೊದಲು ಕೇಳಿಕೊಳ್ಳಬೇಕಾದದ್ದು ಎರಡು ಪ್ರಶ್ನೆ. ನಿಮಗೆ ಬಿಡುವು ಸಿಗುವುದು ಯಾವ ತಿಂಗಳಲ್ಲಿ? ಜೊತೆಗೆ ಬರುವವರಲ್ಲಿ ಎಲ್ಲರಿಗಿಂತ ಸೂಕ್ಷ್ಮ ಆರೋಗ್ಯ ಯಾರದ್ದು? ಇವೆರಡಕ್ಕೆ ಉತ್ತರ ಸಿಕ್ಕಿದರೆ ಜಾಗ ಮುಕ್ಕಾಲು ಭಾಗ ಆರಿಸಿ ಆಯ್ತು.

ಮೊದಲು ನಮ್ಮ ಕ್ಯಾಲೆಂಡರ್

ಹಿಮಾಲಯದ ಸೀಸನ್ ಮೇನಿಂದ ಅಕ್ಟೋಬರ್ ಎಂದು ಎಲ್ಲರೂ ಹೇಳುತ್ತಾರೆ. ಸರಿ. ಆದರೆ ಅದರೊಳಗೆ ನಮ್ಮ ಬಿಡುವು ಎಲ್ಲಿ ಬರುತ್ತದೆ ಎನ್ನುವುದು ಬೇರೆ ವಿಷಯ.

ಅಡಿಕೆ ತೋಟದವರನ್ನೇ ತಗೊಳ್ಳಿ. ಮಳೆ ಹಿಡಿಯುವ ಮುಂಚೆ ಒಂದು ಸಲ ಕೊಳೆರೋಗದ ಮದ್ದು ಹೊಡೆಯಬೇಕು. ನಲವತ್ತು, ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಆ ಎರಡನೆಯ ಮದ್ದಿಗೆ ತಾರೀಕು ಅಂತ ಇರುವುದಿಲ್ಲ. ಮಳೆ ಒಂದೆರಡು ದಿನ ಹೊಳ ಕೊಟ್ಟಾಗ, ಮರ ಹತ್ತುವವರು ಸಿಕ್ಕಾಗ, ಆಗಲೇ ಆಗಬೇಕು. ಜುಲೈ ತಿಂಗಳ ಟಿಕೆಟ್ಟನ್ನು ಮಾರ್ಚಿನಲ್ಲೇ ತೆಗೆದಿಟ್ಟು, ಸರಿಯಾಗಿ ಆ ವಾರವೇ ಬಿಸಿಲು ಬಿಟ್ಟರೆ ಲಡಾಖ್‌ನ ಲೇಹ್‌ನಲ್ಲಿ ಕೂತವರ ಮನಸ್ಸೆಲ್ಲ ತೋಟದಲ್ಲೇ. ನವೆಂಬರಿನಿಂದ ಅಡಿಕೆ ಗೊನೆ ಕೊಯ್ಲು, ಸುಲಿಯುವುದು, ಒಣಗಿಸುವುದು ಅಂತ ಶಿವರಾತ್ರಿವರೆಗೂ ತಲೆ ಎತ್ತಲು ಆಗುವುದಿಲ್ಲ. ಅಲ್ಲಿಗೆ ತೋಟದವರಿಗೆ ಉಳಿಯುವುದು ಏಪ್ರಿಲ್, ಮೇ, ಮತ್ತೆ ಚೌತಿ ಕಳೆದು ದೀಪಾವಳಿ ಬರುವವರೆಗಿನ ಅವಧಿ.

ಘಟ್ಟದ ಕೆಳಗೆ ಬೋಟ್ ಇರುವವರ ಲೆಕ್ಕ ಪೂರ್ತಿ ಉಲ್ಟಾ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಬೈತಖೋಲದಿಂದ ತದಡಿ, ಕಾಸರಕೋಡದವರೆಗೆ ಬೋಟ್ ಕಟ್ಟಿ ಹಾಕಿ, ಬಲೆ ರಿಪೇರಿ ಮಾಡುವ ಕಾಲ. ಲಡಾಖ್ ಪೂರ್ತಿ ತೆರೆದುಕೊಳ್ಳುವುದೂ ಆಗಲೇ. ಇದಕ್ಕಿಂತ ಚೆನ್ನಾಗಿ ಹೊಂದುವ ಜೋಡಿ ಇನ್ನೊಂದಿಲ್ಲ. ಆದರೂ ಯಾಕೋ ನಮ್ಮ ಮೀನುಗಾರ ಕುಟುಂಬಗಳು ಆ ದಿನಗಳಲ್ಲಿ ಹೋಗುವುದು ಧರ್ಮಸ್ಥಳ, ತಿರುಪತಿ ಅಷ್ಟಕ್ಕೇ.

ಶಾಲೆ ಮಕ್ಕಳು, ಮೇಷ್ಟ್ರು, ಬ್ಯಾಂಕಿನವರು ಎಲ್ಲ ಬೇಸಿಗೆ ರಜೆ ಅಥವಾ ದಸರಾ ರಜೆಯನ್ನೇ ನೆಚ್ಚಿಕೊಳ್ಳಬೇಕು.

ಈಗ ಅಲ್ಲಿನ ಹವೆ ನೋಡಿ. ಲೇಹ್‌ನಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ, ಹಿಮ ಎಲ್ಲ ಸೇರಿ ಸುಮಾರು 100 ಮಿಲಿಮೀಟರ್. ನಮ್ಮಲ್ಲಿ ಆಷಾಢದ ಒಂದು ಜೋರು ದಿನದ ಮಳೆ ಅಷ್ಟೇ ಅದು. ಸ್ಪಿತಿಯೂ ಮಳೆನೆರಳಿನ ನಾಡು. ಆದರೆ ಸ್ಪಿತಿಗೆ ಹೋಗುವ ದಾರಿ ಮಳೆನೆರಳಿನಲ್ಲಿ ಇಲ್ಲ, ಇದನ್ನು ಬಹಳ ಜನ ಮರೆಯುತ್ತಾರೆ. ಶಿಮ್ಲಾ, ಕಿನ್ನೌರ್, ಮನಾಲಿ ಈ ಕಡೆಯೆಲ್ಲ ಜುಲೈ, ಆಗಸ್ಟಿನಲ್ಲಿ ಮಳೆ ಜೋರು, ಗುಡ್ಡ ಜಾರುತ್ತದೆ. 2023ರ ಜುಲೈನಲ್ಲಿ ಚಂದ್ರತಾಲ್ ಸರೋವರದ ಹತ್ತಿರ ಇನ್ನೂರಕ್ಕೂ ಹೆಚ್ಚು ಪ್ರವಾಸಿಗರು ಹಿಮದಲ್ಲಿ ಸಿಕ್ಕಿಬಿದ್ದು ದಿನಗಟ್ಟಲೆ ಕಾದಿದ್ದರು.

ಸಿಕ್ಕಿಂ ಅಂತೂ ಮಳೆಯ ವಿಷಯದಲ್ಲಿ ನಮ್ಮ ಹಾಗೇ. ಜೂನ್ ಬಂತೆಂದರೆ ತೀಸ್ತಾ ನದಿಯ ಪಕ್ಕದ ಹೆದ್ದಾರಿಯನ್ನು ನಂಬುವ ಹಾಗಿಲ್ಲ. 2024ರ ಜೂನ್‌ನಲ್ಲಿ ಲಾಚುಂಗ್‌ನಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ದಾರಿ ಕಡಿದು ಉಳಿದಿದ್ದರು. ಅದಾಗಿ ಒಂದು ತಿಂಗಳಿಗೆ ನಮ್ಮ ಅಂಕೋಲೆಯ ಶಿರೂರಿನ ಗುಡ್ಡ ಕುಸಿಯಿತು. ಗುಡ್ಡ ಕಡಿದು ಮಾಡಿದ ರಸ್ತೆ ಮಳೆಯಲ್ಲಿ ಏನು ಮಾಡುತ್ತದೆ ಎಂದು ಅಂಕೋಲೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆಫ್ ಸೀಸನ್ ರಿಯಾಯಿತಿ ಎಂದು ಯಾರಾದರೂ ಜುಲೈನಲ್ಲಿ ಸಿಕ್ಕಿಂ ಪ್ಯಾಕೇಜ್ ತೋರಿಸಿದರೆ ಸುಮ್ನೆ ಬಿಟ್ಟುಬಿಡಿ.

ಆದ್ದರಿಂದ ನನ್ನ ಲೆಕ್ಕ ಹೀಗೆ. ಏಪ್ರಿಲ್ ಕೊನೆ, ಮೇ ಮೊದಲ ವಾರ ಬಿಡುವಾದರೆ ಸಿಕ್ಕಿಂ. ಜೂನ್, ಜುಲೈ ಆದರೆ ಲಡಾಖ್, ಅದೂ ವಿಮಾನದಲ್ಲಿ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರಗಳಾದರೆ ಸ್ಪಿತಿ. ದಸರಾ ರಜೆಯಲ್ಲಿ ಸ್ಪಿತಿಗೆ ಹೋದರೆ ಆಕಾಶ ತೊಳೆದಿಟ್ಟಂತಿರುತ್ತದೆ, ಕಿನ್ನೌರಿನಲ್ಲಿ ಸೇಬು ಕೊಯ್ಲು ನಡೆದಿರುತ್ತದೆ. ರಾತ್ರಿ ಚಳಿ ಮಾತ್ರ ಜಾಸ್ತಿ.

ಎತ್ತರ: ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ

ಕಾರವಾರ ಇರುವುದು ಸಮುದ್ರದ ಮಟ್ಟದಲ್ಲಿ. ಶಿರಸಿ ಸುಮಾರು 600 ಮೀಟರ್. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೂ 2,000 ಮೀಟರ್ ಮುಟ್ಟುವುದಿಲ್ಲ. ಎತ್ತರದ ಕಾಯಿಲೆ ಶುರುವಾಗುವುದೇ 2,500 ಮೀಟರಿನ ಮೇಲೆ. ಅಂದರೆ ನಮ್ಮ ರಾಜ್ಯದಲ್ಲಿ ಎಲ್ಲಿ ಚಾರಣ ಮಾಡಿದರೂ ಇದರ ಅನುಭವ ಆಗಿರುವುದಿಲ್ಲ. ಯಾಣ ಹತ್ತಿದ್ದೇನೆ, ಕುಮಾರಪರ್ವತ ಹತ್ತಿದ್ದೇನೆ ಎನ್ನುವುದು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಲೇಹ್ ಇರುವುದು ಸುಮಾರು 3,500 ಮೀಟರಿನಲ್ಲಿ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಕಾರವಾರದ ಬೀಚಿನಲ್ಲಿ ಸಿಗುವುದರ ಮೂರನೇ ಎರಡು ಭಾಗದಷ್ಟು. 5,400 ಮೀಟರಿನ ಹತ್ತಿರ ಹೋದರೆ ಅರ್ಧ. ತಲೆನೋವು, ಹೊಟ್ಟೆ ತೊಳೆಸುವುದು, ಊಟ ಬೇಡವೆನ್ನಿಸುವುದು, ನಿದ್ದೆ ಬಾರದಿರುವುದು, ಇವೆಲ್ಲ ಮೊದಲ ಸೂಚನೆಗಳು. ಮಲಗಿದಾಗಲೂ ಏದುಸಿರು, ನಿಲ್ಲದ ಕೆಮ್ಮು, ನೆಟ್ಟಗೆ ನಡೆಯಲು ಆಗದೆ ತೂರಾಡುವುದು, ಮಾತು ತಪ್ಪುವುದು ಕಂಡರೆ ಶ್ವಾಸಕೋಶಕ್ಕೋ ಮಿದುಳಿಗೋ ನೀರು ಇಳಿಯುತ್ತಿದೆ ಎಂದರ್ಥ. ಆಗ ಬೆಳಗಾಗಲಿ ನೋಡೋಣ ಎನ್ನಬಾರದು. ಆ ಕ್ಷಣವೇ ಕೆಳಗಿಳಿಸಬೇಕು.

ಇದು ಗಟ್ಟಿಮುಟ್ಟಾದವರಿಗೆ ಬರುವುದಿಲ್ಲ ಎಂದೇನಿಲ್ಲ. ಜಿಮ್‌ಗೆ ಹೋಗುವ ಹುಡುಗ ಹಾಸಿಗೆ ಹಿಡಿದು, ಅವನ ಅಜ್ಜಿ ಆರಾಮಾಗಿ ಗೊಂಪಾದ (ಬೌದ್ಧ ಮಠದ) ಮೆಟ್ಟಿಲು ಹತ್ತುವುದೂ ಉಂಟು. ವೈದ್ಯರು ಹೇಳುವ ನಿಯಮ ಸರಳ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು. ಮೂರ್ನಾಲ್ಕು ದಿನಕ್ಕೊಮ್ಮೆ ಒಂದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಉಳಿಯಬೇಕು. ಹಗಲು ಎಷ್ಟು ಎತ್ತರ ಮುಟ್ಟಿದಿರಿ ಎನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಎನ್ನುವುದು ಮುಖ್ಯ.

ಈ ನಿಯಮದಲ್ಲಿ ಮೂರೂ ಜಾಗ ಹಿಡಿದು ನೋಡಿದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಲಡಾಖ್‌ಗೆ ವಿಮಾನದಲ್ಲಿ ಹೋದರೆ ದೆಹಲಿಯಿಂದ ನೇರ 3,200 ಮೀಟರ್ ದಾಟಿದ ನಿಲ್ದಾಣದಲ್ಲಿ ಇಳಿಯುತ್ತೀರಿ. ಮಧ್ಯೆ ಮೆಟ್ಟಿಲೇ ಇಲ್ಲ. ಮೊದಲ ಎರಡು ದಿನ ಹೋಟೆಲಿನಲ್ಲಿ ಬಿದ್ದುಕೊಳ್ಳಬೇಕು. ಪ್ಯಾಕೇಜಿನಲ್ಲಿ ಎರಡನೆಯ ದಿನವೇ ಖರ್ದುಂಗ್ ಲಾ (ಲಾ ಎಂದರೆ ಎತ್ತರದ ಕಣಿವೆಮಾರ್ಗ) ಎಂದಿದ್ದರೆ ಅದು ನಿಮ್ಮ ದೇಹ ನೋಡಿ ಮಾಡಿದ ಪ್ಲಾನ್ ಅಲ್ಲ, ಹೋಟೆಲ್ ಬಾಡಿಗೆ ಉಳಿಸಲು ಮಾಡಿದ್ದು. ರಸ್ತೆಯಲ್ಲಿ ಹೋಗುವುದಾದರೆ ಶ್ರೀನಗರದಿಂದ ಕಾರ್ಗಿಲ್‌ನಲ್ಲಿ ಒಂದು ರಾತ್ರಿ ತಂಗಿ ಲೇಹ್ ಸೇರುವುದು ಒಳ್ಳೆಯದು. ಕಾರ್ಗಿಲ್ 2,700 ಮೀಟರ್ ಆಸುಪಾಸು. ಮನಾಲಿಯಿಂದ ಏರುವ ದಾರಿಯಲ್ಲಿ ಎಷ್ಟೋ ಜನ ಸರ್ಚುವಿನಲ್ಲಿ ಟೆಂಟು ಹಾಕಿ ಮಲಗುತ್ತಾರೆ. ಅದು 4,200 ಮೀಟರಿಗೂ ಮೇಲೆ. ಆ ರಾತ್ರಿಯಷ್ಟು ಉದ್ದದ ರಾತ್ರಿ ಇನ್ನೊಂದಿಲ್ಲ ಎಂದು ಅಲ್ಲಿ ಮಲಗಿದವರೆಲ್ಲ ಹೇಳುತ್ತಾರೆ. ಮನಾಲಿ ದಾರಿ ಬೇಕೇಬೇಕೆಂದರೆ ಮರಳುವಾಗ ಇಟ್ಟುಕೊಳ್ಳಿ.

ಸ್ಪಿತಿಗೆ ಕಿನ್ನೌರ್ ಮೇಲೆ ಹೋದರೆ ದಾರಿಯೇ ನಿಮ್ಮನ್ನು ತಯಾರು ಮಾಡುತ್ತದೆ. ಶಿಮ್ಲಾ 2,200. ಸಾಂಗ್ಲಾ 2,700 ಹತ್ತಿರ. ಕಲ್ಪಾ 2,900 ಚಿಲ್ಲರೆ. ಅಲ್ಲಿಂದ ನಾಕೋ ಹಾದು ತಾಬೋಗೆ ಹೋಗಿ ಮಲಗಿದರೆ 3,280. ಮರುದಿನ ಕಾಜಾ, ಹೆಚ್ಚುಕಡಿಮೆ 3,700. ವಿಮಾನ ನಿಲ್ದಾಣ ಇಲ್ಲದಿರುವುದೇ ಇಲ್ಲಿ ಉಪಕಾರ. ಮನಾಲಿ ಕಡೆಯಿಂದ ಕುಂಜುಂ ಲಾ ಹತ್ತಿ ಒಂದೇ ದಿನದಲ್ಲಿ ಕಾಜಾ ಸೇರುವವರೂ ಇದ್ದಾರೆ. ಸಮಯ ಉಳಿಯುತ್ತದೆ, ಮರುದಿನದ ತಲೆನೋವು ಅದನ್ನೆಲ್ಲ ವಾಪಸ್ ತಗೊಳ್ಳುತ್ತದೆ.

ಉತ್ತರ ಸಿಕ್ಕಿಂನದು ವಿಚಿತ್ರ. ಗ್ಯಾಂಗ್‌ಟಾಕ್ ಬರೀ 1,650 ಮೀಟರ್. ಲಾಚೆನ್, ಲಾಚುಂಗ್ ಎರಡೂ 2,700 ಆಸುಪಾಸು. ಮಲಗುವ ಮಟ್ಟಿಗೆ ಮೂರರಲ್ಲಿ ಇದೇ ಸುಲಭ. ಆದರೆ ಲಾಚೆನ್‌ನಿಂದ ನಸುಕಿನಲ್ಲಿ ಎಬ್ಬಿಸಿ ಜೀಪಿಗೆ ಹತ್ತಿಸಿ, ತಿಂಡಿಯ ಹೊತ್ತಿಗೆಲ್ಲ ಗುರುಡೊಂಗ್ಮಾರ್ ಸರೋವರದ ದಡದಲ್ಲಿ ನಿಲ್ಲಿಸುತ್ತಾರೆ. ಅದು 5,000 ಮೀಟರಿಗೂ ಮೇಲೆ. ಒಂದೇ ಬೆಳಿಗ್ಗೆ ಎರಡು ಸಾವಿರ ಮೀಟರಿಗಿಂತ ಜಾಸ್ತಿ ಏರಿಕೆ. ಅಲ್ಲಿ ಮಲಗುವುದಿಲ್ಲ, ಅರ್ಧ ಗಂಟೆ ನೋಡಿ ಇಳಿಯುತ್ತಾರೆ, ಆದ್ದರಿಂದಲೇ ಹೆಚ್ಚಿನವರು ಪಾರಾಗುತ್ತಾರೆ. ಸಣ್ಣ ಮಕ್ಕಳು, ಹೃದಯದ ತೊಂದರೆ ಇರುವವರು, ಅಸ್ತಮಾದವರು ಇದ್ದರೆ ಆ ಸರೋವರ ಬಿಟ್ಟುಬಿಡಿ. ಯುಮ್‌ತಾಂಗ್ ಕಣಿವೆ 3,500 ಮೀಟರ್ ಆಸುಪಾಸು. ಏಪ್ರಿಲ್ ಕೊನೆಗೆ ಗುಡ್ಡವೆಲ್ಲ ರೋಡೋಡೆಂಡ್ರನ್ ಹೂವು. ನೋಡಲು ಅದೇನೂ ಕಡಿಮೆಯಲ್ಲ.

ಇನ್ನೊಂದು ಲೆಕ್ಕವನ್ನು ಪ್ಯಾಕೇಜಿನವರು ಯಾರೂ ಹೇಳುವುದಿಲ್ಲ. ಯಾರಿಗಾದರೂ ಆರೋಗ್ಯ ಕೆಟ್ಟರೆ ಇಳಿಯುವ ದಾರಿ ಯಾವುದು? ಸಿಕ್ಕಿಂನಲ್ಲಿ ಗುರುಡೊಂಗ್ಮಾರ್‌ನಿಂದ ರಸ್ತೆ ಇಳಿಯುತ್ತಲೇ ಹೋಗುತ್ತದೆ. ಸ್ಪಿತಿಯಲ್ಲಿ ನದಿಯ ಜೊತೆಗೇ ತಾಬೋ, ಅಲ್ಲಿಂದ ಕಿನ್ನೌರ್ ಎಂದು ದೊಡ್ಡ ಕಣಿವೆಮಾರ್ಗ ಹತ್ತದೇ ಕೆಳಗೆ ಬರಬಹುದು, ಬಹಳ ಹೊತ್ತು ಬೇಕು ಅಷ್ಟೆ. ಲಡಾಖ್‌ನ ಪಾಂಗೊಂಗ್ ದಡದಲ್ಲಿ ರಾತ್ರಿ ಉಸಿರು ಕಟ್ಟಿದರೆ ಕಥೆ ಬೇರೆ. ಸರೋವರವೇ 4,200 ಮೀಟರಿನ ಮೇಲಿದೆ. ಲೇಹ್‌ನ ಆಸ್ಪತ್ರೆಗೆ ಬರಬೇಕಾದರೆ 5,300 ಮೀಟರ್ ದಾಟಿದ ಚಾಂಗ್ ಲಾ ಹತ್ತಿ ಇಳಿಯಬೇಕು. ಇಳಿಸಬೇಕಾದ ರೋಗಿಯನ್ನು ಇನ್ನೂ ಒಂದು ಸಾವಿರ ಮೀಟರ್ ಮೇಲಕ್ಕೆ ಒಯ್ಯುವುದು! ಅದಕ್ಕೇ ನಾನು ಹೇಳುವುದು, ಪಾಂಗೊಂಗ್ ಅನ್ನು ಪ್ರವಾಸದ ಕೊನೆಗಿಟ್ಟುಕೊಳ್ಳಿ. ಮೊದಲು ಲೇಹ್, ಆಮೇಲೆ ನುಬ್ರಾ ಕಣಿವೆ. ಖರ್ದುಂಗ್ ಲಾ ದಾಟಬೇಕು ಹೌದು, ಆದರೆ ಮಲಗುವ ದಿಸ್ಕಿತ್, ಹುಂದರ್ ಎರಡೂ ಲೇಹ್‌ಗಿಂತ ತಗ್ಗು. ವಯಸ್ಸಾದವರಿದ್ದರೆ ಪಾಂಗೊಂಗ್‌ನಲ್ಲಿ ಉಳಿಯದೇ ಹಗಲೇ ನೋಡಿ ಬನ್ನಿ.

ಎತ್ತರದ ಕಾಯಿಲೆ ತಡೆಯಲು ತಗೊಳ್ಳುವ ಡಯಾಮಾಕ್ಸ್ ಮಾತ್ರೆ ಬಗ್ಗೆ ಎಲ್ಲರೂ ಕೇಳುತ್ತಾರೆ. ಉಪಯೋಗ ಇದೆ. ಆದರೆ ಸಲ್ಫಾ ಔಷಧಿ ಆಗದವರಿಗೆ, ಕಿಡ್ನಿ ತೊಂದರೆ ಇರುವವರಿಗೆ ಅದು ಎಲ್ಲ ಸಲ ಹೊಂದುವುದಿಲ್ಲ. ಪಕ್ಕದ ಮನೆಯವರು ಉಳಿಸಿ ತಂದ ಮಾತ್ರೆ ನುಂಗದೇ, ನಿಮ್ಮ ಡಾಕ್ಟರಿಗೆ ತೋರಿಸಿ ಬರೆಸಿಕೊಳ್ಳಿ. ಬಿಪಿ, ಶುಗರ್ ಇರುವವರಂತೂ ಕಡ್ಡಾಯವಾಗಿ ಹೋಗಿ ಬನ್ನಿ.

ಹೋಗುವ ದಾರಿ, ಕೈಬಿಡುವ ದುಡ್ಡು

ಲಡಾಖ್‌ಗೆ ಕಾರವಾರದವರಿಗೆ ಗೋವಾದಿಂದ ದೆಹಲಿ, ಅಲ್ಲಿಂದ ಲೇಹ್. ಶಿರಸಿ, ಸಿದ್ದಾಪುರದವರಿಗೆ ಹುಬ್ಬಳ್ಳಿ ಹತ್ತಿರ. ರೈಲಿನಲ್ಲಿ ಹೋಗುವುದಾದರೆ ಕಾರವಾರದಲ್ಲಿ ನಿಲ್ಲುವ ಮಂಗಳಾ ಎಕ್ಸ್‌ಪ್ರೆಸ್ ನಿಜಾಮುದ್ದೀನ್‌ಗೆ ಬಿಡುತ್ತದೆ. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿಯೇ ಬೇರೆ, ರೈಲು ನಿಧಾನ. ಅದನ್ನು ನೋಡಿಯೇ ಮುಂದಿನ ಟಿಕೆಟ್ ತೆಗೆಯಿರಿ.

ಲಡಾಖ್‌ನಲ್ಲಿ ದುಡ್ಡು ಹೋಗುವುದು ವಿಮಾನಕ್ಕೆ ಮತ್ತು ಟ್ಯಾಕ್ಸಿಗೆ. ಅಲ್ಲಿನ ಟ್ಯಾಕ್ಸಿ ಯೂನಿಯನ್ನಿನ ದರಪಟ್ಟಿ ಇದೆ, ಚೌಕಾಸಿಗೆ ಜಾಗ ಕಡಿಮೆ. ಬಾಡಿಗೆ ಗಾಡಿಗೆ ಹೊರತು ತಲೆಗಲ್ಲ, ಹಾಗಾಗಿ ಗಂಡ ಹೆಂಡತಿ ಇಬ್ಬರೇ ಹೋದರೆ ಭಾರವಾಗುತ್ತದೆ, ಆರು ಜನ ಸೇರಿದರೆ ಹಗುರ. ಹೊರಗಿನ ಬಾಡಿಗೆ ಕಾರು ಅಲ್ಲಿ ಓಡಿಸಲು ಬಿಡುವುದಿಲ್ಲ. ನುಬ್ರಾ, ಪಾಂಗೊಂಗ್ ಕಡೆಗೆ ಆನ್‌ಲೈನ್‌ನಲ್ಲಿ ವಿವರ ತುಂಬಿ ಶುಲ್ಕ ಕಟ್ಟಬೇಕು, ಹೋಟೆಲಿನವರೂ ಮಾಡಿಕೊಡುತ್ತಾರೆ.

ಸ್ಪಿತಿಯಲ್ಲಿ ಭಾರತೀಯರಿಗೆ ಪರವಾನಗಿಯೇ ಬೇಡ. ಚಂಡೀಗಢ ಅಥವಾ ಕಾಲ್ಕಾ ತಲುಪಬೇಕು, ಕಾಲ್ಕಾದಿಂದ ಶಿಮ್ಲಾಕ್ಕೆ ಪುಟ್ಟ ರೈಲು ಇದೆ. ಮುಂದೆ ಟ್ಯಾಕ್ಸಿ ದಿನಗಳು ಜಾಸ್ತಿ ಬೀಳುತ್ತವೆ. ಆದರೆ ಹೋಮ್‌ಸ್ಟೇ, ಊಟ ಎರಡೂ ಅಗ್ಗ. ಗಟ್ಟಿ ಬೆನ್ನಿನವರು ಹಿಮಾಚಲ ಸಾರಿಗೆಯ ಬಸ್ಸಿನಲ್ಲೇ ರೆಕಾಂಗ್ ಪಿಯೋದಿಂದ ಕಾಜಾಕ್ಕೆ ಹೋಗಬಹುದು. ಮೂರರಲ್ಲಿ ಕೆಎಸ್‌ಆರ್‌ಟಿಸಿ ಮನುಷ್ಯರಿಗೆ ಹೇಳಿ ಮಾಡಿಸಿದ ಜಾಗ ಇದೊಂದೇ. ದೇವಿಮನೆ ಘಟ್ಟದಲ್ಲಿ ವಾಂತಿ ಮಾಡಿಕೊಳ್ಳುವವರು ಮಾತ್ರ ಎರಡು ಸಲ ಯೋಚಿಸಿ.

ಉತ್ತರ ಸಿಕ್ಕಿಂಗೆ ಸ್ವಂತ ಪ್ಲಾನ್ ನಡೆಯುವುದಿಲ್ಲ. ನೋಂದಾಯಿತ ಏಜೆನ್ಸಿಯ ಮೂಲಕವೇ ಪರವಾನಗಿ, ಗಾಡಿ, ರೂಮು, ಊಟ ಎಲ್ಲ ಸೇರಿ ಒಂದು ಕಂತು. ತಲೆನೋವು ಕಡಿಮೆ, ಆಯ್ಕೆಯೂ ಕಡಿಮೆ. ಬೆಂಗಳೂರಿನಿಂದ ಬಾಗ್‌ಡೋಗ್ರಾಕ್ಕೆ ವಿಮಾನ, ಅಲ್ಲಿಂದ ಗ್ಯಾಂಗ್‌ಟಾಕ್ ಅರ್ಧ ದಿನದ ದಾರಿ. 2023ರ ಅಕ್ಟೋಬರ್ 4ರಂದು ದಕ್ಷಿಣ ಲ್ಹೋನಕ್ ಸರೋವರ ಒಡೆದು ಚುಂಗ್‌ತಾಂಗ್‌ನ ಅಣೆಕಟ್ಟೇ ಕೊಚ್ಚಿಹೋಯಿತಲ್ಲ, ಅದಾದ ಮೇಲೆ ಲಾಚೆನ್ ಕಡೆಯ ದಾರಿ ಮುಚ್ಚುವುದು, ತೆರೆಯುವುದು ನಡೆದೇ ಇದೆ. ಮುಂಗಡ ಕೊಡುವ ಮುನ್ನ ಲಾಚೆನ್ ತೆರೆದಿದೆಯೇ, ಮುಚ್ಚಿದರೆ ದುಡ್ಡು ವಾಪಸ್ ಎಷ್ಟು ಎಂದು ಬರಹದಲ್ಲಿ ಕೇಳಿ ತಗೊಳ್ಳಿ. ಚೀನಾ ಗಡಿಯ ನಾಥು ಲಾ ಸೋಮವಾರ, ಮಂಗಳವಾರ ಮುಚ್ಚಿರುತ್ತದೆ, ಆ ದಿನಗಳಿಗೆ ಉತ್ತರ ಸಿಕ್ಕಿಂ ಹಾಕಿಕೊಂಡರೆ ಆಯ್ತು.

ದಿನಗಳ ಲೆಕ್ಕ ಬೇಕಾದರೆ, ಮನೆಯಿಂದ ಮನೆಗೆ ಸಿಕ್ಕಿಂಗೆ ಎಂಟು ದಿನ, ಲಡಾಖ್‌ಗೆ ಒಂಬತ್ತು, ಸ್ಪಿತಿಗೆ ಹನ್ನೊಂದು ಇಟ್ಟುಕೊಳ್ಳಿ. ಇದಕ್ಕಿಂತ ಕಡಿಮೆಯಾದರೆ ಕಿಟಕಿಯಿಂದ ನೋಡಿದ್ದಷ್ಟೇ ಲಾಭ. ಬರೀ ಒಂದು ವಾರ ರಜೆ ಇದೆ, ಅಪ್ಪ ಅಮ್ಮನನ್ನೂ ಕರೆದೊಯ್ಯಬೇಕು ಎನ್ನುವವರು ಈ ಮೂರನ್ನೂ ಬಿಟ್ಟು ಕಲ್ಪಾ, ಸಾಂಗ್ಲಾ ಅಷ್ಟೇ ಮಾಡಿ ಬನ್ನಿ. ಕಲ್ಪಾದ ಅಂಗಳದಲ್ಲಿ ಕುರ್ಚಿ ಹಾಕಿ ಕೂತರೆ ಎದುರಿಗೇ ಕಿನ್ನರ ಕೈಲಾಸ. ಹಿರಿಯರಿಗೆ ಇದಕ್ಕಿಂತ ಇನ್ನೇನು ಬೇಕು?

ಅರುಣಾಚಲದ ತವಾಂಗ್ ಬಗ್ಗೆಯೂ ಕೇಳುವವರಿದ್ದಾರೆ. ಗುವಾಹಟಿಯಿಂದ ದೂರದ ರಸ್ತೆ, ಇನ್ನರ್ ಲೈನ್ ಪರ್ಮಿಟ್ (ರಾಜ್ಯದೊಳಗೆ ಹೋಗುವ ಪರವಾನಗಿ) ಬೇಕೇಬೇಕು. 2024ರ ಮಾರ್ಚಿನಲ್ಲಿ ಸೇಲಾ ಸುರಂಗ ತೆರೆದ ಮೇಲೆ ಚಳಿಗಾಲದ ದಾರಿ ಸುಧಾರಿಸಿದೆ. ಊರು 3,000 ಮೀಟರ್ ಆಸುಪಾಸು. ಮೊದಲ ಹಿಮಾಲಯ ಪ್ರವಾಸಕ್ಕೆ ನಾನು ಹೇಳುವುದಿಲ್ಲ, ಎರಡನೆಯದಕ್ಕೆ ಖಂಡಿತ.

ನೋಡುವುದಕ್ಕೆ ಏನಿದೆ

ಬಣ್ಣ, ಬಯಲು, ದೊಡ್ಡ ಆಕಾಶ ಬೇಕಾದವರಿಗೆ ಲಡಾಖ್. ಠಿಕ್ಸೆ, ಹೆಮಿಸ್, ಲಾಮಾಯುರು ಗೊಂಪಾಗಳು, ನುಬ್ರಾದ ಮರಳುದಿಬ್ಬ, ಪಾಂಗೊಂಗ್‌ನ ನೀಲಿ ಎಲ್ಲ ನಿಜವಾಗಿಯೂ ಫೋಟೊದಲ್ಲಿದ್ದ ಹಾಗೇ ಇವೆ. ಜನಜಂಗುಳಿಯೂ ಹಾಗೇ ಇದೆ. ಜೂನ್‌ನಲ್ಲಿ ಖರ್ದುಂಗ್ ಲಾ ಫಲಕದ ಮುಂದೆ ಫೋಟೊಕ್ಕೆ ಸರದಿ ನಿಲ್ಲಬೇಕು. ಆ ಫಲಕದಲ್ಲಿ ಬಹುಕಾಲ 18,380 ಅಡಿ ಎಂದು ಬರೆದಿತ್ತು, ನಿಜವಾದ ಎತ್ತರ 17,582 ಅಡಿ.

ಸಿಕ್ಕಿಂ ಹಸಿರು. ಕಾಡು, ಜಲಪಾತ, ಮೋಡ. ನಮ್ಮವರಿಗೆ ಒಂದು ತೊಂದರೆ ಏನೆಂದರೆ ಮೊದಲ ಎರಡು ದಿನ ಇದು ನಮ್ಮ ಯಲ್ಲಾಪುರದ ಕಾಡೇ ಅಲ್ವಾ ಅನ್ನಿಸಿಬಿಡುತ್ತದೆ. ಲಾಚುಂಗ್ ದಾಟಿದ ಮೇಲೆ ಅನ್ನಿಸುವುದಿಲ್ಲ.

ನನ್ನ ಓಟು ಸ್ಪಿತಿಗೆ. ತಾಬೋ ಮಠ ಶುರುವಾದದ್ದು ಕ್ರಿ.ಶ. 996ರಲ್ಲಿ. ಹೊರಗಿನಿಂದ ನೋಡಿದರೆ ಮಣ್ಣಿನ ಗೋಡೆಯ ಸಾಧಾರಣ ಕಟ್ಟಡ. ಒಳಗೆ ಕತ್ತಲು. ಕಣ್ಣು ಹೊಂದಿಕೊಳ್ಳಲು ಎರಡು ನಿಮಿಷ ಬಿಡಿ. ಆಮೇಲೆ ಗೋಡೆಯಲ್ಲಿ ಒಂದೊಂದಾಗಿ ಮುಖ, ಕೈಬೆರಳು, ಸೀರೆಯ ಅಂಚಿನ ಹಾಗಿರುವ ಬಟ್ಟೆಯ ಗೆರೆ ಮೂಡುತ್ತವೆ. ಸಾವಿರ ವರ್ಷದ ಬಣ್ಣ. ಫೋಟೊ ತೆಗೆಯಲು ಬಿಡುವುದಿಲ್ಲ, ಅದು ಒಳ್ಳೆಯದೇ ಆಯ್ತು. ಕಾಜಾದ ಮೇಲಿನ ಲಾಂಗ್ಜಾ ಊರು ಸುಮಾರು 4,400 ಮೀಟರಿನಲ್ಲಿದೆ. ಅಲ್ಲಿ ಕಲ್ಲಿನಲ್ಲಿ ಸುರುಳಿ ಸುರುಳಿ ಅಚ್ಚುಗಳು ಸಿಗುತ್ತವೆ. ಹಿಮಾಲಯ ಏಳುವ ಮುಂಚೆ ಇದ್ದ ಟೆಥಿಸ್ ಸಮುದ್ರದ ಜೀವಿಗಳು ಅವು. ಕಾರವಾರದ ದಂಡೆಯಲ್ಲಿ ಚಿಪ್ಪು ಆರಿಸಿ ಬೆಳೆದವರು ಅಷ್ಟು ಎತ್ತರಕ್ಕೆ ಹೋಗಿ ಸಮುದ್ರದ ಗುರುತು ಹಿಡಿದು ನೋಡುವುದೆಂದರೆ ಒಂಥರಾ ಮಜಾ. ಮಕ್ಕಳು ಮಾರಲು ತಂದರೆ ಕೊಳ್ಳಬೇಡಿ, ಅಲ್ಲೇ ಇರಲಿ. ಪಕ್ಕದ ಹಿಕ್ಕಿಂನಲ್ಲಿ 1983ರಿಂದ ಅಂಚೆ ಕಚೇರಿ ಇದೆ. ಅಷ್ಟು ಎತ್ತರದಿಂದ ಮನೆಗೆ ಕಾರ್ಡು ಹಾಕಬಹುದು.

ಹೊರಡುವ ಮುಂಚೆ ಮುಂಡಗೋಡಿಗೆ ಒಂದು ಸುತ್ತು

ಬೇರೆ ಜಿಲ್ಲೆಯವರಿಗಿಲ್ಲದ ಒಂದು ಅನುಕೂಲ ನಮಗಿದೆ. ಮುಂಡಗೋಡಿನಲ್ಲಿ 1966ರಿಂದ ಟಿಬೆಟಿಯನ್ನರ ವಸತಿ ಇದೆ. ಡ್ರೆಪುಂಗ್, ಗಾಂಡೆನ್ ಎಂಬ ಲಾಸಾ ಕಡೆಯ ದೊಡ್ಡ ಮಠಗಳು ಮತ್ತೆ ಕಟ್ಟಿಕೊಂಡಿರುವುದು ಅಲ್ಲೇ. ಠಿಕ್ಸೆ, ಸ್ಪಿತಿಯ ಕೀ, ತವಾಂಗ್ ಮಠಗಳೂ ಟಿಬೆಟಿಯನ್ ಬೌದ್ಧರ ಅದೇ ಗೆಲುಗ್ ಪಂಥದವು. ಲಡಾಖ್, ಅರುಣಾಚಲದ ಹುಡುಗರು ಸನ್ಯಾಸಿಗಳಾಗಿ ಓದಲು ಬರುವುದು ನಮ್ಮ ಮುಂಡಗೋಡಿಗೆ. ಒಂದು ಭಾನುವಾರ ಹೋಗಿ ಪ್ರಾರ್ಥನಾ ಮಂದಿರ ನೋಡಿ. ಎಡದಿಂದ ಬಲಕ್ಕೆ ಸುತ್ತುವುದು, ಚಪ್ಪಲಿ ಎಲ್ಲಿ ಬಿಡುವುದು, ಯಾವುದನ್ನು ಮುಟ್ಟಬಾರದು ಎಲ್ಲ ಗೊತ್ತಾಗುತ್ತದೆ. ಮುಖ್ಯವಾಗಿ ಥುಕ್ಪಾ (ನೂಡಲ್ಸ್ ಸೂಪ್), ಮೊಮೊ ತಿಂದು ನೋಡಿ. ಅದು ಹಿಡಿಸದಿದ್ದರೆ ಸ್ಪಿತಿಯಲ್ಲಿ ನಿಮ್ಮ ಪಾಲಿಗೆ ಉಳಿಯುವುದು ರಾಜ್ಮಾ ಅನ್ನ, ಆಲೂ ಪರಾಠಾ. ಸ್ವೆಟರ್, ಜಾಕೆಟ್ ಕೂಡ ಅವರಲ್ಲೇ ನೋಡಿ. ಶಿರಸಿ, ಹುಬ್ಬಳ್ಳಿಯ ಬಟ್ಟೆ ಅಂಗಡಿಗಳಲ್ಲಿ ಸಿಗುವುದು ನಮ್ಮ ಡಿಸೆಂಬರಿಗೆ ಸಾಕಾಗುವ ಚಳಿ ಅಂಗಿ.

ಊಟದ ವಿಷಯದಲ್ಲಿ ಲೇಹ್, ಗ್ಯಾಂಗ್‌ಟಾಕ್ ಎರಡೂ ಸುಲಭ. ಸಸ್ಯಾಹಾರಿಗಳಿಗೆ ಮೂರೂ ಕಡೆ ತೊಂದರೆ ಇಲ್ಲ, ಮೀನು ಇಲ್ಲದೆ ಊಟ ಇಳಿಯದವರಿಗೇ ಕಷ್ಟ. ಲೇಹ್‌ನಷ್ಟು ಎತ್ತರದಲ್ಲಿ ನೀರು 88 ಡಿಗ್ರಿಗೇ ಕುದಿದುಬಿಡುತ್ತದೆ. ಕುಕ್ಕರ್ ಇಲ್ಲದೆ ಅನ್ನ ಅರೆಬೆಂದೇ ಇರುತ್ತದೆ, ನಮ್ಮ ಕುಚ್ಚಲಕ್ಕಿಯ ಮಾತಂತೂ ಎತ್ತುವುದೇ ಬೇಡ. ಚಟ್ನಿಪುಡಿ, ಅವಲಕ್ಕಿ, ಅಪ್ಪೆಮಿಡಿ ಒಯ್ಯಿರಿ. ಉಪ್ಪಿನಕಾಯಿ ಬಾಟಲಿಯನ್ನು ತುಂಬಾ ತುಂಬಿಸಬೇಡಿ. ಮೇಲೆ ಹೋದಂತೆ ಒಳಗಿನ ಗಾಳಿ ಹಿಗ್ಗುತ್ತದೆ. ಚಿಪ್ಸ್ ಪೊಟ್ಟಣ ದಿಂಬಿನ ಹಾಗೆ ಉಬ್ಬುತ್ತದೆ, ಉಪ್ಪಿನಕಾಯಿಯ ರಸ ಮುಚ್ಚಳದ ಸಂದಿಯಿಂದ ಸ್ವೆಟರಿಗೆ ಇಳಿಯುತ್ತದೆ. ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಕಲ್ಲಾಗುತ್ತದೆ, ಬೆರಳೂ ಇಳಿಯುವುದಿಲ್ಲ. ಅದರ ಬದಲು ವ್ಯಾಸಲಿನ್ ಇಟ್ಟುಕೊಳ್ಳಿ, ಬೆವರಿ ಬೆಳೆದ ನಮ್ಮ ಚರ್ಮ ಆ ಒಣಗಾಳಿಗೆ ಎರಡೇ ದಿನದಲ್ಲಿ ಬಿರಿಯುತ್ತದೆ.

ಬುಕ್ ಮಾಡುವಾಗ

ಜಮ್ಮು ಕಾಶ್ಮೀರ, ಲಡಾಖ್‌ನಲ್ಲಿ ನಮ್ಮ ಪ್ರಿಪೇಯ್ಡ್ ಸಿಮ್ ನಡೆಯುವುದಿಲ್ಲ. ಮನೆಯಲ್ಲಿ ಒಬ್ಬರಾದರೂ ಪೋಸ್ಟ್‌ಪೇಯ್ಡ್ ಮಾಡಿಸಿಕೊಳ್ಳಿ. ಸ್ಪಿತಿ, ಸಿಕ್ಕಿಂಗೆ ಆ ಚಿಂತೆ ಇಲ್ಲ, ಊರು ಬಿಟ್ಟರೆ ನೆಟ್‌ವರ್ಕೇ ಇರುವುದಿಲ್ಲ ಅಷ್ಟೆ. ಕಾಜಾ, ಲಾಚುಂಗ್ ಕಡೆ ನಗದು ಕೈಯಲ್ಲಿರಲಿ. ಗಡಿಯ ಪರಿಸ್ಥಿತಿಯನ್ನೂ ಗಮನಿಸಿ. 2025ರ ಮೇನಲ್ಲಿ ಲೇಹ್, ಶ್ರೀನಗರ ಸೇರಿ 32 ವಿಮಾನ ನಿಲ್ದಾಣಗಳು ಕೆಲವು ದಿನ ಮುಚ್ಚಿದ್ದವು. ವಾಪಸಾತಿ ಇರುವ ಟಿಕೆಟ್‌ಗೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಲೇಹ್‌ನಿಂದ ವಿಮಾನಗಳು ಹೆಚ್ಚಾಗಿ ಬೆಳಿಗ್ಗೆಯೇ ಹೊರಡುತ್ತವೆ, ಮಧ್ಯಾಹ್ನವಾದರೆ ಅಲ್ಲಿ ಗಾಳಿ ಜೋರು. ಹವೆ ಕೆಟ್ಟರೆ ಆ ದಿನದ ವಿಮಾನವೇ ರದ್ದು. ಬೆಳಿಗ್ಗೆ ಲೇಹ್ ಬಿಟ್ಟು ಸಂಜೆ ದೆಹಲಿಯಿಂದ ಗೋವಾ ವಿಮಾನವನ್ನೋ, ನಿಜಾಮುದ್ದೀನ್‌ನಿಂದ ರೈಲನ್ನೋ ಹಿಡಿಯುತ್ತೇನೆ ಎಂದು ಟಿಕೆಟ್ ಮಾಡಿಸಬೇಡಿ. ದೆಹಲಿಯಲ್ಲಿ ಒಂದು ರಾತ್ರಿ ಇಟ್ಟುಕೊಳ್ಳಿ. ಸ್ಪಿತಿಯಿಂದ ಬರುವವರು ಆ ಒಂದು ದಿನವನ್ನು ಶಿಮ್ಲಾದಲ್ಲಿ, ಸಿಕ್ಕಿಂನಿಂದ ಬರುವವರು ಸಿಲಿಗುರಿಯಲ್ಲಿ ಇಟ್ಟುಕೊಂಡರೆ ಸಾಕು.